ನಮ್ಮ ಸೀಮೆಯ ಅರಸು ಕಾಕುಸ್ಥವರ್ಮ

ಈ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದಿದ್ದರು. ನನ್ನ ಸೇವಾವಧಿಯ ನೆನಪುಗಳನ್ನು ಬರೆಯಲಿ ಎಂಬುದು ಅವರ ಮನಸ್ಸಿನಲ್ಲಿತ್ತು. ಅಂಥ ಲೇಖನಗಳು ಇಂಥ ಸಂಚಿಕೆಯಲ್ಲಿ ಬೇಕಾದಷ್ಟು ಇರುತ್ತವೆ. ಹತ್ತನೇ ತರಗತಿಯ ಒಬ್ಬ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವೊಂದು ಬಹಳ ಕಾಲ ಬಾಕಿ ಉಳಿದಿತ್ತು, ಅದನ್ನು ಬರೆದುಕೊಡುತ್ತೇನೆ ಎಂದೆ. ಅವರು ಒಪ್ಪಿದರು. ಆ ಉತ್ತರ ಕದಂಬರ ಕಾಕುಸ್ಥವರ್ಮನ ಬದುಕಿನಲ್ಲಿದೆ.

ಅದು ತೊಂಬತ್ತರ ದಶಕ. ಸಾರ್ಕ್ ಪಾಠ ನಡೆಯುತ್ತಿತ್ತು. 1985ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಏಳು ದೇಶಗಳು ಸೇರಿ ಸಂಘ ಕಟ್ಟಿದ್ದು, ಮರುವರ್ಷ ನವೆಂಬರಿನಲ್ಲಿ ಅದರ ಎರಡನೇ ಶೃಂಗಸಭೆ ನಮ್ಮ ಬೆಂಗಳೂರಿನಲ್ಲೇ ನಡೆದಿದ್ದು, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ, ಇಬ್ಬರ ನಡುವಿನ ಜಗಳದ ವಿಷಯವನ್ನು ಅಲ್ಲಿ ಎತ್ತುವಂತಿಲ್ಲ ಎಂಬ ಕರಾರು, ಇದನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆಸಿದ್ದೆ. ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದದಿಂದ, ಹೊರಗಿನ ದೇಶಗಳ ಜೊತೆ ಒಂದೇ ದನಿಯಲ್ಲಿ ಮಾತಾಡಬೇಕೆಂದು ಹೊರಟಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಅಷ್ಟೊಂದು ಸರ್ಕಾರಗಳು ಒಂದೇ ಬಾಯಿಯಿಂದ ಮಾತಾಡುವುದು ಆಗುವ ಹೋಗುವ ಮಾತೇ ಎಂದು ಕೇಳಿದ. ಊರಿನ ಕೆರೆಯ ತೂಬು ಎತ್ತುವ ವಿಷಯದಲ್ಲೇ ಮೂರು ಊರಿನವರು ಒಂದಾಗುವುದಿಲ್ಲವಲ್ಲ ಎಂಬುದು ಅವನ ವಾದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಬರುವ ಶನಿವಾರ ಎಲ್ಲರೂ ಸೈಕಲ್ ತನ್ನಿ, ತಾಳಗುಂದಕ್ಕೆ ಹೋಗೋಣ ಎಂದೆ.

ತಾಳಗುಂದ ನಮ್ಮ ಶಿಕಾರಿಪುರ ತಾಲ್ಲೂಕಿನದೇ ಊರು. ಶಿರಾಳಕೊಪ್ಪಕ್ಕೆ ಹತ್ತಿರ, ಬಳ್ಳಿಗಾವಿಗೂ ಹತ್ತಿರ. ಶಾಸನಗಳಲ್ಲಿ ಅದರ ಹೆಸರು ಸ್ಥಾಣಕುಂದೂರು. ಅಲ್ಲಿಯ ಪ್ರಣವೇಶ್ವರ ದೇವಸ್ಥಾನದ ಎದುರು ಎಂಟು ಮೂಲೆಯ ಒಂದು ಕಲ್ಲುಕಂಬವಿದೆ. ಅದರ ಮೇಲಿನ ಬರಹವನ್ನು ಎಡದಿಂದ ಬಲಕ್ಕಲ್ಲ, ಕೆಳಗಿನಿಂದ ಮೇಲಕ್ಕೆ ಓದಬೇಕು. ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಗಳನ್ನು ಇಟ್ಟ ಹಾಗಿದೆ. ಭಾಷೆ ಸಂಸ್ಕೃತ. ಬರೆದವನು ಕುಬ್ಜನೆಂಬ ಕವಿ, ಕಲ್ಲಿನ ಮೇಲೂ ಅವನೇ ಬರೆದ. ಬಿ. ಎಲ್. ರೈಸ್ ಅವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇದನ್ನು ಹೊರಜಗತ್ತಿಗೆ ತೋರಿಸುವವರೆಗೆ ಕದಂಬರ ವಂಶದ ಕತೆ ಇಷ್ಟು ನೇರವಾಗಿ ಯಾರಿಗೂ ಗೊತ್ತಿರಲಿಲ್ಲ.

ಈ ಕಂಬದ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವವನು ಮಯೂರಶರ್ಮ. ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರರ ಜೊತೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಸಿನಿಮಾ ನೋಡಿದವರಿಗಂತೂ ಹೇಳಬೇಕಾಗಿಯೇ ಇಲ್ಲ. ಆದರೆ ಆ ಕಂಬ ನೆಟ್ಟದ್ದು ಮಯೂರಶರ್ಮನಿಗಾಗಿ ಅಲ್ಲ. ಅವನ ವಂಶದಲ್ಲಿ ಮುಂದೆ ಬಂದ ಕಾಕುಸ್ಥವರ್ಮ ಕಟ್ಟಿಸಿದ ಒಂದು ಕೆರೆಯ ದಾಖಲೆ ಅದು. ಕೆರೆಯ ಮಾತಿಗೆ ಆಮೇಲೆ ಬರುತ್ತೇನೆ.

ಮಯೂರಶರ್ಮನ ಕತೆಯ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ನುಂಗಿಬಿಡುತ್ತೇವೆ. ಅವನು ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡು ಹಿಡಿದ, ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ, ನಿಜ. ಕೊನೆಗೆ ಇಬ್ಬರೂ ರಾಜಿಯಾದರು. ಮಯೂರ ಪಲ್ಲವರ ಸೇವೆಗೆ ಒಪ್ಪಿದ. ಪಲ್ಲವರು ಅವನಿಗೆ ಪಟ್ಟ ಕೊಟ್ಟು, ಪಡುವಣ ಕಡಲಿನಿಂದ ಪ್ರೇಹರದವರೆಗಿನ ನೆಲದಲ್ಲಿ ಬೇರೆಯವರು ಕಾಲಿಡಬಾರದೆಂದು ಮಾತು ಕೊಟ್ಟರು. ಅಂದರೆ ಬನವಾಸಿಯ ರಾಜ್ಯ ಹುಟ್ಟಿದ್ದು ಯುದ್ಧದಿಂದ ಎಷ್ಟೋ, ಒಪ್ಪಂದದಿಂದಲೂ ಅಷ್ಟೇ. ಮಯೂರನ ಮಗ ಕಂಗವರ್ಮ, ಅವನ ಮಗ ಭಗೀರಥ. ಭಗೀರಥನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ರಘು, ಚಿಕ್ಕವನು ಕಾಕುಸ್ಥ.

ರಘು ಯುದ್ಧದವನು. ಶತ್ರುಗಳ ಆಯುಧದ ಗುರುತು ಅವನ ಮುಖದ ಮೇಲೇ ಇತ್ತೆಂದು ತಾಳಗುಂದದ ಕಲ್ಲು ಹೇಳುತ್ತದೆ. ಅಣ್ಣ ಆಳುತ್ತಿದ್ದಾಗ ತಮ್ಮ ಯುವರಾಜ. ಈ ಯುವರಾಜನನ್ನು ನಾವು ಮೊದಲು ಕಾಣುವುದು ಇಲ್ಲಲ್ಲ, ದೂರದ ಹಲಸಿಯಲ್ಲಿ. ಈಗಿನ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಹಲಸಿಗೆ ಆಗ ಪಲಾಶಿಕೆ ಎಂದು ಹೆಸರು. ಅಲ್ಲಿ ಸಿಕ್ಕ ತಾಮ್ರಪಟದಲ್ಲಿ ಯುವರಾಜ ಕಾಕುಸ್ಥವರ್ಮ ತನ್ನ ಜೀವ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದ ಒಂದು ಹೊಲವನ್ನು ಕೊಟ್ಟ ವಿವರವಿದೆ. ಆ ಊರು ಅರ್ಹಂತರಿಗೆ ಸೇರಿದ್ದು. ತಾಳಗುಂದದ ಶಿವಾಲಯಕ್ಕೆ ಕೆರೆ ಕಟ್ಟಿಸಿದವನೇ ಅಲ್ಲಿ ಜೈನ ಸೇನಾಪತಿಗೆ ಭೂಮಿ ಕೊಟ್ಟಿದ್ದಾನೆ. ಆ ದಾನಕ್ಕೆ ಎಂಬತ್ತನೇ ವರ್ಷವೆಂದು ಕಾಲ ಹಾಕಿದೆ. ಮಯೂರ ರಾಜ್ಯ ಕಟ್ಟಿದಲ್ಲಿಂದ ಎಣಿಸಿದ ಎಂಬತ್ತು ಎಂದು ಹಲವು ವಿದ್ವಾಂಸರ ಲೆಕ್ಕ. ಹೇಗಿದ್ದರೂ ಐದನೇ ಶತಮಾನದ ಮೊದಲರ್ಧದ ಮನುಷ್ಯ ಇವನು.

ಅಣ್ಣನ ನಂತರ ಪಟ್ಟಕ್ಕೆ ಬಂದಾಗ ಅವನ ಕೈಗೆ ಸಿಕ್ಕಿದ್ದು ಎಂಥ ರಾಜ್ಯ? ಈಗಿನ ಹಾಗೆ ಜಿಲ್ಲಾಧಿಕಾರಿ, ತಹಸೀಲ್ದಾರರನ್ನು ನೇಮಿಸಿ ಆಳುವ ರಾಜ್ಯವಲ್ಲ. ಅದೊಂದು ಮನೆತನಗಳ ಕೂಟ. ನಾವಿರುವ ಈ ನಾಗರಖಂಡದ ಕಡೆ ಸೇಂದ್ರಕರು, ಕರಾವಳಿಯಲ್ಲಿ ಆಳುಪರು, ಪೂರ್ವಕ್ಕೆ ಬಾಣರು, ಇನ್ನೊಂದು ದಿಕ್ಕಿಗೆ ಕೇಕಯರು, ತೆಂಕಣಕ್ಕೆ ಗಂಗರು. ಒಬ್ಬೊಬ್ಬರಿಗೂ ತಮ್ಮದೇ ಸೈನ್ಯ, ತಮ್ಮದೇ ನೆಲ, ತಮ್ಮದೇ ಅಭಿಮಾನ. ಗಂಗರು, ಬಾಣರು ಕಂಚಿಯ ಕಡೆಗೂ ಒಂದು ಕಣ್ಣಿಟ್ಟವರೇ. ಇವರಲ್ಲಿ ಯಾರೊಬ್ಬರು ಕದ್ದು ಹೋಗಿ ಪಲ್ಲವರ ಕೈ ಹಿಡಿದರೂ ಬನವಾಸಿಗೆ ಆಪತ್ತು. ಉತ್ತರದಲ್ಲಿ ವಾಕಾಟಕರು. ಅವರ ಇನ್ನೊಂದು ಶಾಖೆಯ ಅರಸನೊಬ್ಬ ಕುಂತಳದ ಒಡೆಯನನ್ನು ಗೆದ್ದನೆಂದು ಅಜಂತೆಯ 16ನೇ ಗುಹೆಯ ಶಾಸನ ಹೇಳಿಕೊಂಡಿದೆ. ಕುಂತಳವೆಂದರೆ ನಮ್ಮ ನಾಡೇ. ಅವರಿಂದಾಚೆ ಗುಪ್ತರ ಸಾಮ್ರಾಜ್ಯ. ಆ ಕಾಲದ ಭರತಖಂಡದಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ.

ಕಾಕುಸ್ಥ ಈ ಕೂಟವನ್ನು ಹೇಗೆ ಹಿಡಿದಿಟ್ಟ ಎಂಬುದಕ್ಕೆ ಒಂದು ಸಾಕ್ಷಿ ಹಲ್ಮಿಡಿಯ ಕಲ್ಲು. ಬೇಲೂರು ತಾಲ್ಲೂಕಿನ ಆ ಊರಿನಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಕನ್ನಡದ ಹಳೆಯ ಶಾಸನವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ಈಚೆಗೆ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ ಬರಹ ಅದಕ್ಕಿಂತ ಹಳೆಯದೆಂಬ ವಾದ ಎದ್ದಿರುವುದರಿಂದ ನಮ್ಮ ಊರಿನವರಿಗೆ ಸಹಜವಾಗಿ ಖುಷಿ. ಆದರೆ ಯಾವುದು ಹಿರಿದು ಎಂಬ ಗುದ್ದಾಟದಲ್ಲಿ ಒಳಗಿನ ವಿಷಯ ಮರೆಯಬಾರದು. ಹಲ್ಮಿಡಿಯಲ್ಲಿ ಇರುವುದು ಇಷ್ಟು. ಕದಂಬ ಕಾಕುಸ್ಥ ಆಳುತ್ತಿರುವಾಗ ಕೇಕಯ, ಪಲ್ಲವರ ಎದುರು ಕಾಳಗವಾಗಿದೆ. ವಿಜ ಅರಸನೆಂಬ ವೀರ ಗೆದ್ದುಕೊಟ್ಟಿದ್ದಾನೆ. ಅವನಿಗೆ ಹಲ್ಮಿಡಿ ಮತ್ತು ಮುಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ರಕ್ತ ಹತ್ತಿದ ಕತ್ತಿ ತೊಳೆದ ಗೌರವಕ್ಕಾಗಿ, ಕೊಡಲಾಗಿದೆ. ಕೊಟ್ಟದ್ದು ಸೇಂದ್ರಕ ಮತ್ತು ಬಾಣ ಎಂಬ ಎರಡೂ ನಾಡಿನ ವೀರರ ಎದುರಿನಲ್ಲಿ.

ಈ ಕೊನೆಯ ವಾಕ್ಯದ ಮೇಲೆ ಹುಡುಗರನ್ನು ನಿಲ್ಲಿಸಿದೆ. ಎರಡು ನಾಡಿನವರ ಎದುರು ಯಾಕೆ ಕೊಡಬೇಕಿತ್ತು? ಅರಸ ತನ್ನ ಪಾಡಿಗೆ ತಾನು ಕೊಡಬಹುದಿತ್ತಲ್ಲ. ಬಾಣರು ಒಂದು ಕಾಲದಲ್ಲಿ ಮಯೂರನಿಗೆ ಕಪ್ಪ ಕೊಟ್ಟವರು. ಈಗ ಅವರ ವೀರರು ಬನವಾಸಿಯ ಪರವಾಗಿ ಸಾಕ್ಷಿ ನಿಂತಿದ್ದಾರೆ. ಹೊರಗಿನವನ ಎದುರು ಒಟ್ಟಾಗಿ ಹೋರಾಡಿದ್ದಾರೆ, ಇನಾಮು ಕೊಡುವಾಗಲೂ ಒಟ್ಟಾಗಿ ಇದ್ದಾರೆ. ಮುಂದೆ ಯಾರಾದರೂ ನನಗೆ ಗೊತ್ತಿಲ್ಲ ಎನ್ನುವಂತಿಲ್ಲ. ಯುರೋಪಿನ ಒಕ್ಕೂಟದಲ್ಲಿ ಈಗ 27 ದೇಶಗಳಿವೆ. ಅವುಗಳ ವಿದೇಶಾಂಗ ಮಂತ್ರಿಗಳು ಬ್ರಸೆಲ್ಸ್‌ನಲ್ಲಿಯೋ ಲಕ್ಸೆಂಬರ್ಗಿನಲ್ಲಿಯೋ ಸೇರುತ್ತಾರೆ. ದೊಡ್ಡ ತೀರ್ಮಾನಕ್ಕೆ ಸಾಮಾನ್ಯವಾಗಿ ಎಲ್ಲರೂ ಒಪ್ಪಲೇಬೇಕು. ಎಲ್ಲರ ಪರವಾಗಿ ಮಾತಾಡಲು ಒಬ್ಬ ಉನ್ನತ ಪ್ರತಿನಿಧಿ ಇದ್ದಾರೆ. ಹಾಗಿದ್ದೂ ಪ್ರತಿಯೊಂದು ದೇಶವೂ ತನ್ನ ರಾಯಭಾರ ಕಚೇರಿಗಳನ್ನು ಮುಚ್ಚಿಲ್ಲ. ಒಪ್ಪದ ಒಂದು ಸಣ್ಣ ದೇಶ ಇಡೀ ಸಭೆಯನ್ನು ತಡೆದು ನಿಲ್ಲಿಸಬಲ್ಲದು. ಸಭೆ ಸೇರಿಸುವುದು, ಎಲ್ಲರ ಎದುರು ಮಾತು ಆಡಿಸುವುದು, ಆಮೇಲೆ ಆ ಮಾತಿಗೆ ಕಟ್ಟಿಹಾಕುವುದು, ಕೆಲಸದ ರೀತಿ ಇಷ್ಟೇ. ಕಾಕುಸ್ಥನ ಕಾಲದಲ್ಲಿ ಸಭೆ ನಡೆದದ್ದು ಕತ್ತಿ ತೊಳೆದ ನೀರಿನ ಪಕ್ಕದಲ್ಲಿ.

ಅವನ ಎರಡನೆಯ ದಾರಿ ನೆಂಟಸ್ತನ. ಗುಪ್ತರು ಮೊದಲಾದ ಅರಸು ಮನೆತನಗಳಿಗೆ ತನ್ನ ಹೆಣ್ಣುಮಕ್ಕಳನ್ನು ಕೊಟ್ಟನೆಂದು ಕುಬ್ಜ ಬರೆದಿದ್ದಾನೆ. ಹೆಣ್ಣು ತಂದವನಿಗಿಂತ ಕೊಟ್ಟವನು ತಗ್ಗಿ ನಡೆಯಬೇಕೆಂಬ ನಮ್ಮ ಈಗಿನ ಬೀಗರ ಲೆಕ್ಕಾಚಾರ ಅಲ್ಲಿಲ್ಲ. ಕೊಟ್ಟದ್ದನ್ನೇ ದೊಡ್ಡಸ್ತಿಕೆಯಾಗಿ ಕಲ್ಲಿನಲ್ಲಿ ಬರೆಸಿದ್ದಾರೆ. ಬನವಾಸಿಯ ವರದೆಯ ದಂಡೆಯಿಂದ ಗುಪ್ತರ ನೆಲದವರೆಗೆ ಒಂದು ಕೊಂಡಿ ಬಿತ್ತು. ಒಬ್ಬೊಬ್ಬ ಸಾಮಂತನೂ ಬೇರೆ ಬೇರೆಯಾಗಿ ಉತ್ತರದ ಚಕ್ರವರ್ತಿಯ ಸಖ್ಯ ಹುಡುಕುವ ಬದಲು, ಆ ಸಖ್ಯ ಬನವಾಸಿಯ ಅರಮನೆಯ ಮೂಲಕವೇ ಬರುವಂತಾಯಿತು. ಆಗ ಒಳಗಿನವರಿಗೂ ಇವನ ಜೊತೆ ಇರುವುದರಲ್ಲಿ ಲಾಭ. ಬಲಿಷ್ಠರು ಅಟ್ಟಿಸಿಕೊಂಡು ಬಂದಾಗ ನೆಂಟರು ತಮ್ಮ ಗಂಟುಮೂಟೆ ಸಮೇತ ಇವನ ನಾಡು ಸೇರಿ, ಬಿಸಿಲಿಗೆ ಬೆಂದ ಜಿಂಕೆಗಳು ಮರದ ನೆರಳು ಕಂಡಂತೆ ನೆಮ್ಮದಿಯಾದರೆಂಬ ಅರ್ಥದ ಪದ್ಯವೂ ಕಂಬದಲ್ಲಿದೆ. ಹೊಗಳಿಕೆ ಇರಬಹುದು, ಆದರೆ ಯಾವುದನ್ನು ಹೊಗಳಬೇಕು ಎಂಬುದನ್ನು ಗಮನಿಸಿ. ಊರು ಸುಟ್ಟದ್ದನ್ನಲ್ಲ, ಆಸರೆ ಕೊಟ್ಟದ್ದನ್ನು.

ಇಷ್ಟು ಹೇಳಿ ಮುಗಿಸಿದಾಗಲೇ ಆ ಹುಡುಗಿ ಪ್ರಶ್ನೆ ಕೇಳಿದ್ದು. ಕೊಟ್ಟ ಹೆಣ್ಣುಮಕ್ಕಳ ಹೆಸರೇನು ಎಂದು. ಕಂಬದ ಎಂಟೂ ಮುಖ ಸುತ್ತಿ ಬಂದರೂ ಅಲ್ಲಿ ಹೆಸರಿಲ್ಲ. ಇಲ್ಲಮ್ಮ ಎಂದೆ. ಮಕ್ಕಳು ಸೈಕಲ್ ಹತ್ತಿದರು. ಆಕೆ ಮಾತ್ರ ಸ್ವಲ್ಪ ಹೊತ್ತು ಕಂಬದ ಬಳಿಯೇ ನಿಂತಿದ್ದಳು. ಯಾಕೆಂದು ನನಗೆ ಆಮೇಲೆ ತಿಳಿಯಿತು. ಜಮೀನಿನ ವಿಷಯಕ್ಕೆ ಎರಡು ಮನೆಗಳು ಹತ್ತಾರು ವರ್ಷದಿಂದ ಕೋರ್ಟು ಅಲೆಯುತ್ತಿದ್ದವು. ಹಿರಿಯರು ಕೂತು ರಾಜಿ ಮಾಡಿ, ಸಂಬಂಧ ಬೆಳೆಸಿದರೆ ಜಗಳ ಮುರಿಯುತ್ತದೆಂದು ತೀರ್ಮಾನಿಸಿದ್ದರು. ಬೆಳೆಸಬೇಕಾಗಿದ್ದ ಸಂಬಂಧ ಆಕೆ. ಪರೀಕ್ಷೆ ಮುಗಿದ ಮೇ ತಿಂಗಳಲ್ಲೇ ಮದುವೆ ಎಂದು ಮಾತಾಗಿತ್ತು. ನಾನೂ ಮುಖ್ಯೋಪಾಧ್ಯಾಯರೂ ಅವರ ಮನೆಗೆ ಹೋಗಿ ಅವಳ ತಂದೆಯ ಬಳಿ ಕೂತು, ಹದಿನೆಂಟು ತುಂಬಲಿ, ಅಷ್ಟರಲ್ಲಿ ಪಿಯುಸಿ ಆಗುತ್ತದೆ ಎಂದು ಹೇಳಿ ಬಂದೆವು. ಕಾಫಿ ಕೊಟ್ಟರು, ಮರ್ಯಾದೆಯಿಂದ ಕಳಿಸಿದರು. ಮದುವೆ ಎರಡು ವರ್ಷ ಮುಂದೆ ಹೋಯಿತು, ನಿಲ್ಲಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮೈಸೂರಿನಲ್ಲಿ ಒಂದು ಬೇಸಿಗೆ ತರಬೇತಿಗೆ ಹೋದಾಗ, ಗ್ರಂಥಾಲಯದಲ್ಲಿ. ಮಧ್ಯಪ್ರದೇಶದ ಬಾಲಾಘಾಟ್‌ನಲ್ಲಿ ವಾಕಾಟಕರ ತಾಮ್ರಪಟಗಳು ಸಿಕ್ಕಿವೆ. ಅವುಗಳ ಪ್ರಕಾರ ಪ್ರವರಸೇನನ ಮಗ ನರೇಂದ್ರಸೇನನ ರಾಣಿ ಕುಂತಳದೊಡೆಯನ ಮಗಳು. ಹೆಸರು ಅಜ್ಝಿತಭಟ್ಟಾರಿಕೆ. ಆಕೆಯ ತಂದೆ ನಮ್ಮ ಕಾಕುಸ್ಥವರ್ಮನೇ ಎಂಬುದು ಬಹಳಷ್ಟು ಇತಿಹಾಸಕಾರರ ಅಭಿಪ್ರಾಯ. ತೌರಿನ ಕಂಬದಲ್ಲಿ ಇಲ್ಲದ ಹೆಸರು, ಸೇರಿದ ಮನೆಯ ತಾಮ್ರದಲ್ಲಿ ಉಳಿದಿದೆ. ಆಕೆಯ ಮಗ ಎರಡನೇ ಪೃಥ್ವಿಷೇಣ ಮುಂದೆ ಅರಸನಾದ. ಇನ್ನು ಅವಳ ಗಂಡನ ಅಜ್ಜಿ ಪ್ರಭಾವತಿಗುಪ್ತೆ ಗುಪ್ತರ ಎರಡನೇ ಚಂದ್ರಗುಪ್ತನ ಮಗಳು. ಗಂಡ ಸತ್ತ ಮೇಲೆ ಚಿಕ್ಕ ಮಕ್ಕಳ ಪರವಾಗಿ ವರ್ಷಗಟ್ಟಲೆ ವಾಕಾಟಕ ರಾಜ್ಯ ನಡೆಸಿದ ಹೆಂಗಸು. ಅಂಥ ಮನೆಗೆ ಬನವಾಸಿಯ ಹುಡುಗಿ ಸೊಸೆಯಾಗಿ ಹೋದಳು. ಹಿಂದೆ ಕುಂತಳವನ್ನು ಗೆದ್ದೆವೆಂದು ಹೇಳಿಕೊಂಡ ವಂಶ ಅದು. ಆ ಹಳೆಯ ವೈರಕ್ಕೆ ತೇಪೆಯಾಗಿ ನೂರಾರು ಮೈಲಿ ಆಚೆಗೆ ಹೋದಳು. ದಾರಿಯಲ್ಲಿ ಎಷ್ಟು ದಿನ ಹಿಡಿಯಿತೋ, ಅಲ್ಲಿಯ ಊಟಕ್ಕೆ ಎಷ್ಟು ತಿಂಗಳಿಗೆ ಒಗ್ಗಿಕೊಂಡಳೋ.

ಗಂಗರ ತಾಮ್ರಪಟಗಳಲ್ಲಿ ಅವಿನೀತನನ್ನು ಕದಂಬ ಕೃಷ್ಣವರ್ಮನ ಸೋದರಿಯ ಮಗನೆಂದು ಕರೆದಿದೆ. ಹಾಗೆ ತೆಂಕಣದ ಬಾಗಿಲಿಗೂ ಒಬ್ಬ ಕದಂಬರ ಹೆಣ್ಣುಮಗಳು ಹೋದಳು. ಆಕೆಯ ಹೆಸರೂ ಅಲ್ಲಿಲ್ಲ. ಕಾಳಿದಾಸನನ್ನು ವಿಕ್ರಮಾದಿತ್ಯ ಕುಂತಳೇಶ್ವರನ ಆಸ್ಥಾನಕ್ಕೆ ದೂತನಾಗಿ ಕಳಿಸಿದ್ದನೆಂಬ ಒಂದು ಕತೆಯೂ ಸಂಸ್ಕೃತ ಗ್ರಂಥಗಳಲ್ಲಿ ಬರುತ್ತದೆ. ಆ ಕುಂತಳೇಶ್ವರ ಕದಂಬನೋ ವಾಕಾಟಕನೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಕಾಳಿದಾಸ ಸೊರಬದ ದಾರಿಯಲ್ಲಿ ಬನವಾಸಿಗೆ ಹೋಗಿರಬಹುದು ಎಂದು ಊಹಿಸಲು ನನಗೂ ಆಸೆ. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ಈಗ ಕೆರೆ. ಇಷ್ಟೆಲ್ಲ ರಾಜಕಾರಣ ಮಾಡಿದವನು ತಾಳಗುಂದದಲ್ಲಿ ನೆನಪಾಗಿ ಉಳಿದದ್ದು ಕೆರೆಯಿಂದ. ಸಾತಕರ್ಣಿ ಮೊದಲಾದವರು ಪೂಜಿಸುತ್ತಿದ್ದ ಶಿವನ ಗುಡಿಯ ಬಳಿ ನೀರಿಗೆ ಅನುಕೂಲವಾಗಲೆಂದು ಅವನು ದೊಡ್ಡ ಕೆರೆ ಕಟ್ಟಿಸಿದ. ಸಾತಕರ್ಣಿಯ ಹೆಸರು ಇಲ್ಲಿ ಸುಮ್ಮನೆ ಬಂದಿಲ್ಲ. ನಮ್ಮದೇ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ, ಸಾತಕರ್ಣಿ ಮಾಡಿದ್ದ ದಾನವನ್ನು ಕದಂಬ ಅರಸ ಮತ್ತೆ ಊರ್ಜಿತಗೊಳಿಸಿದ್ದು ಪ್ರಾಕೃತದಲ್ಲಿ ದಾಖಲಾಗಿದೆ. ಹಿಂದಿನ ವಂಶದವರು ಕೊಟ್ಟ ಮಾತನ್ನು ಹೊಸಬರು ಉಳಿಸಿಕೊಳ್ಳುವ ಪದ್ಧತಿ ಈ ನೆಲದಲ್ಲಿ ಮೊದಲಿನಿಂದ ಇತ್ತು. ಈಗಿನ ಸರ್ಕಾರಗಳು ಬದಲಾದಾಗ ಅಂತರರಾಷ್ಟ್ರೀಯ ಒಪ್ಪಂದಗಳು ಮುಂದುವರಿಯುವುದೂ ಹೀಗೆಯೇ ಅಲ್ಲವೇ?

ಕಂಬ ನೆಡುವ ಹೊತ್ತಿಗೆ ಕಾಕುಸ್ಥ ಇರಲಿಲ್ಲ. ಅವನ ಮಗ ಶಾಂತಿವರ್ಮ ಆಳುತ್ತಿದ್ದ. ಇನ್ನೊಬ್ಬ ಮಗ ಕೃಷ್ಣವರ್ಮ ತೆಂಕಣ ಭಾಗದಲ್ಲಿ, ತ್ರಿಪರ್ವತದಲ್ಲಿ ನೆಲೆ ಮಾಡಿಕೊಂಡ. ಅಲ್ಲಿಂದ ಒಂದು ಮನೆಗೆ ಎರಡು ಬಾಗಿಲಾಯಿತು. ಕೃಷ್ಣವರ್ಮ ಅಶ್ವಮೇಧ ಮಾಡಿದ, ಪಲ್ಲವರ ಜೊತೆ ಯುದ್ಧಕ್ಕೂ ಬಿದ್ದ. ದಾವಣಗೆರೆ ತಾಲ್ಲೂಕಿನ ಆನಗೋಡಿನ ಆಚೆ ಈಚೆ ಓಡಾಡುವವರು ಆಣಜಿ ಊರಿನ ಹೆಸರು ಕೇಳಿರುತ್ತೀರಿ. ಅಲ್ಲಿಯ ಕಲ್ಲಿನಲ್ಲಿ ನಣಕ್ಕಾಸ ಪಲ್ಲವನ ಎದುರು ಕೃಷ್ಣರಾಜನ ಸೈನ್ಯ ಮುರಿದುಬಿದ್ದಾಗ ಕೇಕಯ ಕುಲದ ಶಿವನಂದವರ್ಮ ದರ್ಭೆಯ ಹಾಸಿಗೆಯ ಮೇಲೆ ಮಲಗಿ ಪ್ರಾಣ ಬಿಟ್ಟದ್ದನ್ನು ಹೇಳಿದೆ. ಹಲ್ಮಿಡಿಯಲ್ಲಿ ಪಲ್ಲವರ ಜೊತೆ ಸೇರಿ ಎದುರು ನಿಂತಿದ್ದ ಕೇಕಯರ ಕುಲದವನೇ ಇಲ್ಲಿ ಕದಂಬರ ಪರ ಸತ್ತಿದ್ದಾನೆ. ಶಾಂತಿವರ್ಮನ ಮಗ ಮೃಗೇಶವರ್ಮನ ರಾಣಿ ಪ್ರಭಾವತಿಯೂ ಕೇಕಯರ ಮಗಳೇ. ವೈರಿಯನ್ನು ನೆಂಟನಾಗಿಸುವ ಕಾಕುಸ್ಥನ ವಿದ್ಯೆ ಅವನ ನಂತರವೂ ಸ್ವಲ್ಪ ಕಾಲ ಕೆಲಸ ಮಾಡಿತು ಅನಿಸುತ್ತದೆ.

ಆದರೆ ಕೃಷ್ಣವರ್ಮನ ಮಗ ವಿಷ್ಣುವರ್ಮನಿಗೆ ಪಟ್ಟ ಕಟ್ಟಿದವನು ಪಲ್ಲವ ಅರಸ. ಹೆಬ್ಬಟದ ತಾಮ್ರಪಟ ಅದನ್ನು ಮುಚ್ಚಿಡದೆ ಹೇಳುತ್ತದೆ. ಯಾವ ಕಂಚಿಯ ವಿರುದ್ಧ ಎರಡು ನಾಡಿನ ವೀರರನ್ನು ಸಾಕ್ಷಿ ನಿಲ್ಲಿಸಿದ್ದನೋ, ಅದೇ ಕಂಚಿಗೆ ಕಾಕುಸ್ಥನ ಮೊಮ್ಮಗ ಪಟ್ಟಕ್ಕಾಗಿ ಹೋದ. ಮುಂದೆ ಬನವಾಸಿಯ ರವಿವರ್ಮ ಈ ವಿಷ್ಣುವರ್ಮನನ್ನು ಕೊಂದು, ಕಂಚಿಯ ಚಂಡದಂಡನನ್ನು ಕಿತ್ತೊಗೆದು ಪಲಾಶಿಕೆಯಲ್ಲಿ ನೆಲೆಯಾದನೆಂದು ಹಲಸಿಯ ಪಟಗಳು ಹೇಳುತ್ತವೆ. ಚಿಕ್ಕಂದಿನಲ್ಲಿ ಕಾಕುಸ್ಥ ಸೇನಾಪತಿಗೆ ಹೊಲ ಬರೆದುಕೊಟ್ಟಿದ್ದು ಅದೇ ಊರಿನ ಕಡೆ. ಈಗ ಅಲ್ಲಿ ಅವನ ವಂಶದವನೇ ಅವನ ವಂಶದವನನ್ನು ಕೊಂದು ಬಂದು ಕೂತ. 543ರಲ್ಲಿ ಒಂದನೇ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿದ. ಅವನ ಮಗ ಕೀರ್ತಿವರ್ಮ ಬನವಾಸಿಯ ಅಧಿಕಾರ ಮುಗಿಸಿದ. 634ರ ಐಹೊಳೆ ಶಾಸನ ಕದಂಬರನ್ನು ಅವನು ಸೋಲಿಸಿದವರ ಪಟ್ಟಿಗೆ ಸೇರಿಸಿಬಿಟ್ಟಿದೆ.

ಸಾರ್ಕ್ ಈಗ ಎಂಟು ದೇಶಗಳದ್ದು. 2014ರಲ್ಲಿ ಕಠ್ಮಂಡುವಿನಲ್ಲಿ ನಡೆದ ಶೃಂಗಸಭೆಯ ನಂತರ ಅದರ ನಾಯಕರು ಮತ್ತೆ ಹಾಗೆ ಒಟ್ಟಿಗೆ ಕೂತಿಲ್ಲ. ತೂಬಿನ ಜಗಳದ ಮಾತೆತ್ತಿದ್ದ ಹುಡುಗ ಈಗ ಗ್ರಾಮ ಪಂಚಾಯತಿ ಸದಸ್ಯ. ಸಿಕ್ಕಾಗಲೆಲ್ಲ ತಾನು ಹೇಳಿದ್ದೇ ಸರಿಯಾಯಿತೆಂದು ನನ್ನನ್ನು ಕೆಣಕುತ್ತಾನೆ.

ಆ ಹುಡುಗಿ ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಿದ್ದಳು. ಮದುವೆಯಾದ ಮನೆ ಸೊರಬದ ಕಡೆ. ಜಮೀನಿನ ವ್ಯಾಜ್ಯ ಮದುವೆಯಿಂದ ಮುಗಿಯಲಿಲ್ಲವಂತೆ, ತಹಸೀಲ್ದಾರರ ಸರ್ವೆಯಿಂದ ಮುಗಿಯಿತಂತೆ. ಅದನ್ನು ಹೇಳಿ ಚೆನ್ನಾಗಿ ನಕ್ಕಳು. ಅವಳ ಮಗಳು ಈಗ ಪದವಿ ಓದುತ್ತಿದ್ದಾಳೆ. ಅಜ್ಝಿತಭಟ್ಟಾರಿಕೆಯ ಹೆಸರು ಹೇಳಿದೆ. ಕಷ್ಟದ ಹೆಸರು, ಇನ್ನೊಮ್ಮೆ ಹೇಳಿ ಸಾರ್ ಎಂದು ಕೇಳಿ, ಸಭೆಯ ಆಮಂತ್ರಣ ಪತ್ರಿಕೆಯ ಹಿಂಬದಿಗೆ ಬರೆದುಕೊಂಡಳು. ತಾಳಗುಂದಕ್ಕೆ ಮಗಳನ್ನು ಕರೆದುಕೊಂಡು ಹೋಗಬೇಕು, ಯಾವ ಹೊತ್ತಿಗೆ ಹೋದರೆ ಒಳ್ಳೆಯದು ಎಂದು ವಿಚಾರಿಸಿದಳು. ನಡು ಮಧ್ಯಾಹ್ನ ಬೇಡ, ಬೆಳಿಗ್ಗೆ ಓರೆ ಬಿಸಿಲು ಬಿದ್ದಾಗ ಹೋಗು, ಆಗ ಅಕ್ಷರಗಳ ನೆರಳು ಕಾಣುತ್ತದೆ, ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು ಎಂದು ಹೇಳಿ ಕಳಿಸಿದೆ.